‘ನೈಜ ಘಟನೆ ಆಧಾರಿತ’ ಸಿನಿಮಾ, ಧಾರಾವಾಹಿಗಳನ್ನು ಎಷ್ಟು ನಂಬಬಹುದು?

ಘಟನೆಯ ಚೌಕಟ್ಟನ್ನು ಸುಮಾರಾಗಿ ನಂಬಬಹುದು, ಸಂಭಾಷಣೆಯನ್ನಲ್ಲ. ಮುಚ್ಚಿದ ಕೋಣೆಯಲ್ಲಿ ಯಾರು ಏನಂದರು ಅನ್ನೋದು ಹೆಚ್ಚಾಗಿ ದಾಖಲೆಯಲ್ಲಿ ಇರುವುದಿಲ್ಲ. ಅದನ್ನು ಚಿತ್ರಕಥೆ ಬರೆಯುವವರೇ ಊಹಿಸಿ ಬರೆಯುತ್ತಾರೆ. ಮೇಲಾಗಿ ವರ್ಷಗಟ್ಟಲೆ ನಡೆದದ್ದನ್ನು ಕೆಲವೇ ಗಂಟೆಗಳಿಗೆ ಇಳಿಸಬೇಕು, ಅಲ್ವಾ? ಹಾಗಾಗಿ ಹಲವರನ್ನು ಸೇರಿಸಿ ಒಂದೇ ಪಾತ್ರ ಮಾಡುತ್ತಾರೆ.

ಸೋವಿಯತ್ ಒಕ್ಕೂಟದ ಅಣು ವಿದ್ಯುತ್ ಸ್ಥಾವರ ದುರಂತದ ಕುರಿತಾದ 2019ರ ‘ಚೆರ್ನೋಬಿಲ್’ ಸರಣಿಯ ವಿಜ್ಞಾನಿ ಉಲಾನಾ ಖೋಮ್ಯುಕ್ ಅಂಥ ಪಾತ್ರ. ಅನೇಕ ವಿಜ್ಞಾನಿಗಳ ಪರವಾಗಿ ಆಕೆ ಒಬ್ಬಳೇ ಇದ್ದಾಳೆ; ಕೊನೆಯಲ್ಲಿ ಸರಣಿಯೇ ಅದನ್ನು ಒಪ್ಪಿಕೊಳ್ಳುತ್ತದೆ. ಇಷ್ಟು ಪರವಾಗಿಲ್ಲ. ಆದರೆ ಕೊನೆಯ ಕಂತಿನಲ್ಲಿ ದುರಂತದ ತನಿಖೆಯಲ್ಲಿದ್ದ ನಿಜವಾದ ವಿಜ್ಞಾನಿ ವಲೆರಿ ಲೆಗಾಸೊವ್ ನ್ಯಾಯಾಲಯದಲ್ಲಿ ಸಾಕ್ಷಿ ಹೇಳುತ್ತಾರಲ್ಲ, 1987ರ ನಿಜವಾದ ವಿಚಾರಣೆಯಲ್ಲಿ ಅವರು ಇರಲೇ ಇಲ್ಲ! ಬಟ್ಟೆ, ಮನೆ, ವಾಹನಗಳೆಲ್ಲ ಆ ಕಾಲದ್ದೇ ಅನ್ನುವಷ್ಟು ಚೆನ್ನಾಗಿವೆ. ಅದಕ್ಕೇ ಉಳಿದದ್ದನ್ನೂ ನಾವು ಸುಮ್ನೆ ನಂಬಿಬಿಡುತ್ತೇವೆ.