ನಸುಕಿನಲ್ಲಿ ಕೂಗುವುದು ಯಾವ ಹಕ್ಕಿ?

ಪ್ರಶ್ನೆ: ಏಪ್ರಿಲ್ ಶುರುವಾದಾಗಿನಿಂದ ಬೆಳಗ್ಗೆ ಐದಕ್ಕೂ ಮೊದಲೇ ಎದುರು ಮನೆ ತಾರಸಿಯಿಂದ ಒಂದು ಹಕ್ಕಿ ಶಿಳ್ಳೆ ಹಾಕುತ್ತದೆ. ಒಮ್ಮೆ ಕೂಗಿದಂತೆ ಇನ್ನೊಮ್ಮೆ ಕೂಗುವುದಿಲ್ಲ. ಕೋಗಿಲೆಯೇ?
(ಓದುಗರು, ಜಯನಗರ, ಬೆಂಗಳೂರು)

ಉತ್ತರ: ಕೋಗಿಲೆ ಅಲ್ಲ. ‘ಒಮ್ಮೆ ಕೂಗಿದಂತೆ ಇನ್ನೊಮ್ಮೆ ಕೂಗುವುದಿಲ್ಲ’ ಎಂದಿರಲ್ಲ, ಸುಳಿವು ಅಲ್ಲೇ ಇದೆ. ಗಂಡು ಕೋಗಿಲೆಯದು ಒಂದೇ ವರಸೆ: ಕುಹೂ ಕುಹೂ ಎಂದು ಸ್ವರ ಏರಿಸುತ್ತ ಹೋಗಿ ಥಟ್ಟನೆ ನಿಲ್ಲಿಸುತ್ತದೆ, ಕೊಂಚ ಬಿಟ್ಟು ಮತ್ತೆ ಕೆಳಗಿನಿಂದ ಹಿಡಿಯುತ್ತದೆ. ಹೆಣ್ಣು ಹಾಡುವುದೇ ಇಲ್ಲ, ಕಿಕ್‌ಕಿಕ್‌ಕಿಕ್ ಎಂದು ಅವಸರದಲ್ಲಿ ಕಿರುಚುತ್ತದೆ.

ನಿಮ್ಮದು ಬಹುತೇಕ ಗಂಡು ಮಡಿವಾಳ ಹಕ್ಕಿ. ಎರಡು ಮೂರು ಸೆಕೆಂಡಿನ ಒಂದು ಶಿಳ್ಳೆ, ಸಣ್ಣ ವಿರಾಮ, ಆಮೇಲೆ ಬೇರೆಯದೇ ಶಿಳ್ಳೆ. ಮಾರ್ಚ್‌ನಿಂದ ಜುಲೈವರೆಗೆ, ಮರಿ ಮಾಡುವ ಕಾಲದಲ್ಲಿ, ಹಾಡು ಜೋರು. ಬೀದಿದೀಪ ಹತ್ತಿರವಿದ್ದರೆ ಇನ್ನೂ ಬೇಗ ಶುರು ಮಾಡುವುದುಂಟು. ಬೆಳಕು ಹರಿದ ಮೇಲೆ ಆಂಟೆನಾ, ನೀರಿನ ಟ್ಯಾಂಕು, ತೆಂಗಿನ ಸುಳಿ ನೋಡಿ. ತಲೆ, ಎದೆ, ಬೆನ್ನು ಕಪ್ಪು, ಹೊಟ್ಟೆ ಬಿಳುಪು, ರೆಕ್ಕೆಯಲ್ಲಿ ಬಿಳಿ ಪಟ್ಟೆ, ಬಾಲ ಆಗಾಗ ಮೇಲಕ್ಕೆ ನಿಮಿರುತ್ತದೆ.

ಪ್ರಶ್ನೆ: ಆಲದ ಮರದಿಂದ ಟುಕ್ ಟುಕ್ ಸದ್ದು ನಿಲ್ಲದೆ ಬರುತ್ತದೆ. ಎಷ್ಟು ಹುಡುಕಿದರೂ ಹಕ್ಕಿ ಸಿಗುತ್ತಿಲ್ಲ.
(ಓದುಗರು, ದಾವಣಗೆರೆ)

ಉತ್ತರ: ಕಂಚುಗಾರ ಹಕ್ಕಿ. ಗಡಿಯಾರ ಹಿಡಿದು ಎಣಿಸಿ: 15 ಸೆಕೆಂಡಿಗೆ 25ರಿಂದ 30 ಟುಕ್ ಬಂದರೆ ಅನುಮಾನ ಬೇಡ. ಇದೇ ಬಳಗದ ಕುಟ್ರು ಹಕ್ಕಿ ಟ್ರ್‌ರ್‌ರ್ ಎಂದು ಆರಂಭಿಸಿ ಕುಟ್ರೂ ಕುಟ್ರೂ ಎನ್ನುತ್ತದೆ. ಒಂದು ಕೂಗಿದರೆ ಸುತ್ತಲಿನವೂ ದನಿಗೂಡಿಸುತ್ತವೆ.

ಸಿಗದಿರಲು ಕಾರಣವಿದೆ. ಇದು ಕೊಕ್ಕು ಮುಚ್ಚಿಕೊಂಡೇ ಕೂಗುತ್ತದೆ. ಪ್ರತಿ ಟುಕ್‌ಗೂ ಗಂಟಲು ಉಬ್ಬುತ್ತದೆ, ಜೊತೆಗೆ ತಲೆ ಅತ್ತಿತ್ತ ತಿರುಗುತ್ತದೆ. ತಲೆ ತಿರುಗಿದಂತೆ ದನಿ ಬೇರೆ ಕೊಂಬೆಯಿಂದ ಬಂದ ಹಾಗಾಗಿ ಕಿವಿ ಮೋಸಹೋಗುತ್ತದೆ. ಹಾಗಾಗಿ ಒಂದು ಕಡೆ ನಿಂತು ದನಿಯತ್ತ ಕೈ ತೋರಿಸಿ, ಗುರುತಿಟ್ಟುಕೊಳ್ಳಿ. 20 ಹೆಜ್ಜೆ ಪಕ್ಕಕ್ಕೆ ಸರಿದು ಮತ್ತೆ ತೋರಿಸಿ. ಎರಡು ಗೆರೆ ಕೂಡುವಲ್ಲಿ, ತುದಿಯ ಬೋಳು ರೆಂಬೆಗಳನ್ನು ಮೊದಲು ನೋಡಿ. ಬೆಳಗಿನ ಎಳೆಬಿಸಿಲಿಗೆ ಅಲ್ಲೇ ಬಂದು ಕೂರುತ್ತದೆ. ಗುಬ್ಬಿಗಿಂತ ತುಸು ದಪ್ಪ, ಹಸಿರು ಮೈ, ಹಣೆಗೂ ಎದೆಗೂ ಕುಂಕುಮ ಬಳಿದಂಥ ಕೆಂಪು.

ಪ್ರಶ್ನೆ: ದಾಸವಾಳದ ಗಿಡದಿಂದ ಟುವೀ ಟುವೀ ಎಂಬ ದೊಡ್ಡ ದನಿ. ಹಕ್ಕಿ ನೋಡಿದರೆ ಹೆಬ್ಬೆರಳಷ್ಟು!
(ಓದುಗರು, ಮೈಸೂರು)

ಉತ್ತರ: ಟುವ್ವಿ ಹಕ್ಕಿ. ತೂಕ 10 ಗ್ರಾಂ ಒಳಗೆ. ಕೂಗುವಾಗ ಕತ್ತಿನ ಪಕ್ಕದಲ್ಲಿ ಕಪ್ಪು ಗೆರೆ ತೆರೆದುಕೊಳ್ಳುವುದನ್ನು ಗಮನಿಸಿ. ಎಲೆ ಹೊಲಿದು ಗೂಡು ಕಟ್ಟುವುದರಿಂದ, ಗಿಡ ಕತ್ತರಿಸುವ ಮೊದಲು ಮಡಚಿದ ಎಲೆಗಳೊಳಗೆ ದಯವಿಟ್ಟು ಇಣುಕಿ ನೋಡಿ.

ಪ್ರಶ್ನೆ: ತೋಟದ ಒಂದೇ ಮರದ ಕಡೆ ಮೊಬೈಲ್ ಹಿಡಿದರೆ, ದನಿ ಕೇಳಿ ಹಕ್ಕಿ ಗುರುತಿಸುವ ಮೆರ್ಲಿನ್ ಆ್ಯಪ್ ಏಳು ಹಕ್ಕಿಗಳ ಹೆಸರು ತೋರಿಸಿತು. ಕಂಡದ್ದು ಒಂದೇ ಕಪ್ಪು ಹಕ್ಕಿ.
(ಓದುಗರು, ಶಿರಸಿ)

ಉತ್ತರ: ಬಾಲದ ತುದಿಯಲ್ಲಿ ಎರಡು ಉದ್ದ ತಂತಿ, ತಂತಿಯ ಕೊನೆಗೆ ಪುಕ್ಕದ ಕುಚ್ಚು ಇತ್ತೇ? ಇದ್ದರೆ ಅದು ಭೀಮರಾಜ, ಬೇರೆ ಹಕ್ಕಿಗಳ ದನಿಯನ್ನು ಹಾಗೆಹಾಗೇ ಎತ್ತಿ ಆಡುತ್ತದೆ. ಬಾಲ ಬರೀ ಮೀನಿನದರಂತೆ ಕವಲೊಡೆದಿದ್ದರೆ ಕಾಜಾಣ. ಅದಕ್ಕೂ ಶಿಕ್ರಾ ಗಿಡುಗದ ಕೂಗು ಚೆನ್ನಾಗಿ ಬರುತ್ತದೆ. ಆ್ಯಪ್ ದನಿಯನ್ನು ಮಾತ್ರ ಅಳೆಯುತ್ತದೆ, ಅದನ್ನು ಯಾರು ಆಡಿದರು ಎಂಬುದು ಅದಕ್ಕೆ ತಿಳಿಯದು. ಭಾರತದ ಹಕ್ಕಿಗಳ ಪ್ಯಾಕ್ ಇಳಿಸಿಕೊಂಡು, ಪಂಪ್‌ಸೆಟ್ ಸದ್ದಿನಿಂದ ದೂರ ನಿಂತು, ಮೊಬೈಲ್ ಅಲುಗಿಸದೆ ಒಂದು ನಿಮಿಷ ರೆಕಾರ್ಡ್ ಮಾಡಿ. ಬಂದ ಹೆಸರನ್ನು ಊಹೆ ಎಂದಷ್ಟೇ ಇಟ್ಟುಕೊಂಡು, ಕಣ್ಣಿಗೆ ಬಿದ್ದ ಮೇಲೆ ಬರೆದುಕೊಳ್ಳಿ. ರೆಕಾರ್ಡ್ ಮಾಡಿದ್ದನ್ನು ಮರದ ಕೆಳಗೇ ನಿಂತು ಜೋರಾಗಿ ಹಾಕಬೇಡಿ: ಎದುರಾಳಿ ಬಂದನೆಂದು ಹಕ್ಕಿ ಮೊಟ್ಟೆ, ಮರಿ ಬಿಟ್ಟು ಹಾರಿ ಬರುತ್ತದೆ. ಕೇಳಲೇಬೇಕಿದ್ದರೆ ಇಯರ್‌ಫೋನ್ ಹಾಕಿಕೊಳ್ಳಿ.