ವಿಟಮಿನ್ ಡಿ 11 ಬಂದಿದೆ, ಬೆಳಗಿನ ಬಿಸಿಲು ಸಾಕಾಗುತ್ತಾ?

ನಿಮಗೆ 11, ನನಗೆ 9 ಬಂದಿತ್ತು (ಇಲ್ಲಿ ಬರೆದಿರೋ ಡಿ ಲೆಕ್ಕವೆಲ್ಲ ng/mLನಲ್ಲಿ). ಮಡಿಕೇರಿ ಮಳೆಯಲ್ಲಿ ಮಾತ್ರೆ ತಗೊಳ್ಳದೆ ಬೆಳಗಿನ ಎಳೆ ಬಿಸಿಲಲ್ಲೇ ಇದನ್ನ ಸರಿಮಾಡಿಕೊಳ್ಳಬಹುದಾ ಅಂತ ಕೇಳಿದ್ದೀರಿ. ಅದಕ್ಕೆ ಆಮೇಲೆ ಬರುತ್ತೇನೆ, ಮೊದಲು ನನ್ನ ಕಥೆ ಕೇಳಿ.

ನಾನು ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಆಳುಗಳ ಲೆಕ್ಕ ಬರೆಯುವವನು. ದಿನವಿಡೀ ಹೊರಗೇ ಇರೋ ಕೆಲಸ, ನನಗೆಂಥ ಡಿ ಕಮ್ಮಿ ಅಂದುಕೊಂಡಿದ್ದೆ. ಆದರೆ ಕಾಫಿ ತೋಟದಲ್ಲಿ ಹೊರಗೆ ಅಂದರೆ ನೆರಳು ಅಲ್ವಾ. ಮೇಲೆ ಸಿಲ್ವರ್ ಓಕ್, ಹಲಸು. ಜೂನ್‌ನಿಂದ ಸೆಪ್ಟೆಂಬರ್ ತನಕ ಅದರ ಕೆಳಗೆ ರೇನ್‌ಕೋಟ್ ಬೇರೆ. ಕುಕ್ಕರುಗಾಲಲ್ಲಿ ಕೂತರೆ ಏಳುವಾಗ ಕೈ ಊರಬೇಕಾಗುತ್ತಿತ್ತು, ತೊಡೆಯಲ್ಲಿ ಶಕ್ತಿಯೇ ಇಲ್ಲ. ಥಂಡಿ ಅಂತ ಒಂದು ವರ್ಷ ಎಣ್ಣೆ ತಿಕ್ಕಿದೆ. ಆಮೇಲೆ ರಕ್ತ ಪರೀಕ್ಷೆ, ಆ 9.

ಡಾಕ್ಟರ್ ಎರಡು ಬರೆದರು. ಕ್ಯಾಲ್ಸಿಯಂ ದಿನಾ ರಾತ್ರಿ ಒಂದು. 60,000 ಯೂನಿಟ್‌ನ ಡಿ ಕ್ಯಾಪ್ಸೂಲ್ ವಾರಕ್ಕೊಂದು, ಎಂಟು ವಾರ. ಮೆಡಿಕಲ್‌ನಲ್ಲಿ ಎರಡನ್ನೂ ಒಂದೇ ಕವರಿಗೆ ಹಾಕಿ ಮೇಲೆ 'ರಾತ್ರಿ 1' ಅಂತ ಬರೆದುಕೊಟ್ಟರು. ನಾನು ಕವರ್ ಓದಿದೆ, ಚೀಟಿ ಓದಲಿಲ್ಲ. ಎರಡನ್ನೂ ದಿನಾ ನುಂಗಿದೆ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ತಪ್ಪು ಕವರಿನದ್ದಲ್ಲ. ಎಂಟು ಕ್ಯಾಪ್ಸೂಲ್ ಎಂಟೇ ದಿನಕ್ಕೆ ಖಾಲಿಯಾಯಿತು. ಡಾಕ್ಟರ್ ಬಾ ಅಂದಿದ್ದು ಎರಡು ತಿಂಗಳು ಬಿಟ್ಟು. ಅಲ್ಲೇ ತಲೆಗೆ ಹೊಳೆಯಬೇಕಿತ್ತು. ಅರವತ್ತು ಜನರ ಚೆಕ್‌ರೋಲ್, ಅಂದರೆ ಹಾಜರಿ ಪುಸ್ತಕ, ಬರೆಯುವವನು ನಾನು, ಅರ್ಧ ದಿನದ ಲೆಕ್ಕ ತಪ್ಪಿದರೂ ಹಿಡಿಯುತ್ತೇನೆ. ಆದರೆ ಮೆಡಿಕಲ್‌ನವರು ಕಡಿಮೆ ಕೊಟ್ಟಿದ್ದಾರೆ ಅಂದುಕೊಂಡು, ಪೇಟೆಗೆ ಹೋದಾಗ ಖಾಲಿ ಸ್ಟ್ರಿಪ್ ತೋರಿಸಿ ಇನ್ನೊಂದು ತಂದೆ. ಚೀಟಿ ಯಾರೂ ಕೇಳಲಿಲ್ಲ. ಹಾಗೆ ಆರು ಸ್ಟ್ರಿಪ್. ಮೂರನೇ ವಾರಕ್ಕೆ ಕಾಲು ನೋವು ಇಳಿದಿತ್ತು ನೋಡಿ, ಅದೇ ಕುತ್ತಾಯಿತು. ವಿಟಮಿನ್ ತಾನೇ, ಜಾಸ್ತಿಯಾದರೆ ಮೂತ್ರದಲ್ಲಿ ಹೋಗುತ್ತೆ ಅನ್ನೋ ಧೈರ್ಯ. ಬಿ ಕಾಂಪ್ಲೆಕ್ಸ್ ಹಾಗೆ ಹೋಗುತ್ತೆ. ಡಿ ಹೋಗಲ್ಲ. ಅದು ಕೊಬ್ಬಿನಲ್ಲಿ ಕರಗಿ ಅಲ್ಲೇ ತಿಂಗಳುಗಟ್ಟಲೆ ಕೂತಿರುತ್ತೆ. ದೊಡ್ಡವರಿಗೆ ದಿನಕ್ಕೆ ಬೇಕಾಗಿರೋದು 600 ಯೂನಿಟ್, ಅಂದರೆ ಒಂದು ಕ್ಯಾಪ್ಸೂಲ್ ನೂರು ದಿನದ್ದು. ನಲವತ್ತೆಂಟು ರಾತ್ರಿಯಲ್ಲಿ ನಾನು ಹದಿಮೂರು ವರ್ಷದ ಡಿ ತಿಂದಿದ್ದೆ. ಈ ಲೆಕ್ಕ ಹಾಕಿದ್ದು ಆಸ್ಪತ್ರೆ ಮಂಚದ ಮೇಲೆ.

ಮೊದಲು ಬಂದಿದ್ದು ಬಾಯಾರಿಕೆ. ಹೊರಗೆ ಧೋ ಅಂತ ಮಳೆ, ನಾನು ಒಳಗೆ ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದೆ. ರಾತ್ರಿ ಐದು ಸಲ ಏಳಬೇಕು. ಸಕ್ಕರೆ ಕಾಯಿಲೆ ಅಂದುಕೊಂಡೆ. ಆಮೇಲೆ ಮಲಬದ್ಧತೆ, ವಾಂತಿ. ಕೊನೆಗೆ ಒಂದು ಶನಿವಾರ ಬಟವಾಡೆಯಲ್ಲಿ ಒಬ್ಬ ಅಜ್ಜಿಗೆ ಎರಡು ಸಲ ಕೂಲಿ ಎಣಿಸಿಕೊಟ್ಟೆ. ಆಕೆಯೇ ವಾಪಸ್ ತಂದು, 'ರೈಟ್ರೇ, ನಿಮಗೆ ಹುಷಾರಿಲ್ಲ' ಅಂದಳು. ಮೈಸೂರಿಗೆ ಹೋದರೆ ರಕ್ತದಲ್ಲಿ ಕ್ಯಾಲ್ಸಿಯಂ 12.8 mg/dL. ಅದು ಸುಮಾರು 10.5 ದಾಟಬಾರದು. ಡಿ 150ರ ಮೇಲೆ, ಕಿಡ್ನಿಗೂ ಪೆಟ್ಟು. ಐದು ದಿನ ಡ್ರಿಪ್. ಡಿ ಇಳಿಯೋಕೆ ಆರು ತಿಂಗಳು ಬೇಕಾಯಿತು. ಅಷ್ಟರ ತನಕ ಹಾಲು ಕಮ್ಮಿ, ಬಿಸಿಲಿಗೆ ಮೈಯೊಡ್ಡಬೇಡ. ಡಿ ಇಲ್ಲ ಅಂತ ಹೋದವನಿಗೆ!

ಈಗ ನಿಮ್ಮ ಬಿಸಿಲು. ಬೆಳಗ್ಗೆ ಏಳು ಗಂಟೆಯ ಬಿಸಿಲು ಹಿತವಾಗಿರುತ್ತೆ, ಅಷ್ಟೇ. ಡಿ ಆಗೋಕೆ ಬೇಕಾದ ಕಿರಣ ಆಗ ಇಲ್ಲ ಅನ್ನುವಷ್ಟು ಕಮ್ಮಿ. ನಿಮ್ಮ ನೆರಳು ನಿಮಗಿಂತ ಗಿಡ್ಡ ಆಗಿರಬೇಕು, ಅಂದರೆ ಹನ್ನೊಂದರಿಂದ ಎರಡರ ಒಳಗೆ, ಕೈಕಾಲು ಬಿಟ್ಟುಕೊಂಡು. ಕಿಟಕಿ ಗಾಜಿನ ಹಿಂದೆ ಕೂತರೆ ಸುಮ್ನೆ ಬೆಚ್ಚಗಾಗುತ್ತೀರಿ. ನಾನು ಈಗ ಜನವರಿಯಲ್ಲಿ ಕಣದಲ್ಲಿ ಕಾಫಿ ಹರಡುವಾಗ ಶೆಡ್ಡಿನೊಳಗೆ ನಿಲ್ಲದೆ ಅರ್ಧ ಗಂಟೆ ಬಿಸಿಲಲ್ಲೇ ಲೆಕ್ಕ ಬರೆಯುತ್ತೇನೆ. ಜುಲೈ ಮಡಿಕೇರಿಯಲ್ಲಿ ಅದನ್ನ ಎಲ್ಲಿಂದ ತರುತ್ತೀರಿ? ಮತ್ತಿ ಮೀನು ತಿನ್ನಿ, ಒಳ್ಳೆಯದೇ. ಮೊಟ್ಟೆ ನೆಚ್ಚಬೇಡಿ, ಒಂದು ಹಳದಿಯಲ್ಲಿ ಸುಮಾರು 40 ಯೂನಿಟ್.

20ಕ್ಕಿಂತ ಕೆಳಗೆ ಅಂದರೆ ಕೊರತೆಯೇ. ಅದಕ್ಕೇ ಹೇಳುತ್ತಿದ್ದೇನೆ, 11ಕ್ಕೆ ಮಾತ್ರೆ ಬೇಕು. ಬಿಸಿಲೋ ಮಾತ್ರೆಯೋ ಅನ್ನೋ ಪ್ರಶ್ನೆಯೇ ತಪ್ಪು, ಎಷ್ಟು ಮತ್ತು ಯಾವಾಗ ಅಂತ ಕೇಳಿ. ನನ್ನ ಕಥೆ ಓದಿ ಮಾತ್ರೆಗೆ ಹೆದರಿದರೆ ಇಷ್ಟು ಬರೆದಿದ್ದು ದಂಡ. ವಾರಕ್ಕೊಂದು ಕ್ಯಾಪ್ಸೂಲ್‌ಗೆ ಹೆದರೋ ಅಂಥದ್ದೇನಿಲ್ಲ, ಊಟ ಆದಮೇಲೆ ತಗೊಳ್ಳಿ, ಜಿಡ್ಡಿನ ಜೊತೆ ಚೆನ್ನಾಗಿ ಹಿಡಿಯುತ್ತೆ. ಶುರು ಮಾಡುವಾಗ ರಕ್ತದಲ್ಲಿ ಕ್ಯಾಲ್ಸಿಯಂ, ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ಹೇಳೋ ಪರೀಕ್ಷೆ) ಕೂಡ ನೋಡಿಸಿ. ಕಿಡ್ನಿ ಕಲ್ಲು ಆಗಿದ್ದರೆ ಮೊದಲೇ ಹೇಳಿಬಿಡಿ. ಮೂರು ತಿಂಗಳಿಗೆ ಮತ್ತೆ ಪರೀಕ್ಷೆ ಮಾಡಿಸಿ, ಮುಂದಿನದ್ದನ್ನ ಡಾಕ್ಟರ್ ಹೇಳಲಿ.

ನಮ್ಮನೆಯಲ್ಲಿ ಈಗ ಕ್ಯಾಪ್ಸೂಲ್ ನನ್ನ ಕೈಗೆ ಸಿಗಲ್ಲ. ತಿಂಗಳಿಗೊಂದು, ಮೊದಲ ಭಾನುವಾರ. ಹೆಂಡತಿ ಅಡುಗೆಮನೆ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿ, ಕೊಟ್ಟಮೇಲೆ ಅದರ ಮೇಲೆ ಗೀಟು ಎಳೆಯುತ್ತಾಳೆ. ಕ್ಯಾಪ್ಸೂಲಿನ ಚೆಕ್‌ರೋಲ್ ಅವಳದ್ದು.