ಅಮ್ಮನ ಮನೆಯಲ್ಲಿ ಯಾವುದು ತಾನೇ ತಾನಾಗಿ ನಡೆಯಬೇಕು?

ಪ್ರಶ್ನೆ: ದಾವಣಗೆರೆಯ ನಮ್ಮ ಹಳೆಯ ಮನೆಯಲ್ಲಿ 74 ವರ್ಷದ ತಾಯಿ ಒಬ್ಬರೇ ಇದ್ದಾರೆ. ದೀಪ, ಫ್ಯಾನ್, ಕಿಟಕಿಯ ಪರದೆ ಎಲ್ಲವನ್ನೂ ಮೊಬೈಲ್‌ಗೆ ಜೋಡಿಸಿ ಮನೆಯನ್ನು ‘ಸ್ಮಾರ್ಟ್’ ಮಾಡಿಕೊಡಲು 1.80 ಲಕ್ಷ ರೂಪಾಯಿ ಕೇಳುತ್ತಿದ್ದಾರೆ. ಅಮ್ಮ ‘ಸ್ವಿಚ್ಚು ಒತ್ತುವುದು ನನಗೆ ಗೊತ್ತಿದೆ’ ಎನ್ನುತ್ತಾರೆ. ಮಾಡಿಸಲೇ?
– ಓದುಗರೊಬ್ಬರು, ಪುಣೆ

ಉತ್ತರ: ನಿಮ್ಮ ತಾಯಿಯವರ ಮಾತಿನಲ್ಲಿ ಹುರುಳಿದೆ. ಕೈಗೆಟಕುವ ಸ್ವಿಚ್ಚನ್ನು ಮೊಬೈಲಿನೊಳಗೆ ತೂರಿಸಿದರೆ ಕೆಲಸ ಹೆಚ್ಚುತ್ತದೆ: ಮೊದಲು ಕನ್ನಡಕ ಹುಡುಕಬೇಕು, ಆಮೇಲೆ ಮೊಬೈಲ್, ಕೊನೆಗೆ ದೀಪ. ಅದರ ಬದಲು ಯಾವ ಕೆಲಸಕ್ಕೆ ಎದ್ದು ಓಡಬೇಕಾಗುತ್ತದೆ ಎಂದು ಅವರನ್ನೇ ಕೇಳಿ. ನೀರಿನ ಮೋಟಾರು ಎಂದಾರು. ವೈರಿಂಗ್‌ಗೆ ಹೋದ ಮನೆಗಳಲ್ಲೆಲ್ಲ ನಾನು ಕೇಳುವ ದೂರು ಅದೇ. ಮೋಟಾರು ಹಾಕಿ ಒಗ್ಗರಣೆಗೆ ನಿಂತರೆ ಮರೆತೇ ಹೋಗುತ್ತದೆ, ಟ್ಯಾಂಕ್ ತುಂಬಿ ನೀರು ಪಕ್ಕದ ಮನೆಯ ಗೋಡೆಗೆ ಸುರಿಯುತ್ತದೆ, ಅಲ್ಲಿಂದ ಜಗಳ.

ಹಾಗಾಗಿ ಮೊದಲು ವಾಟರ್ ಲೆವೆಲ್ ಕಂಟ್ರೋಲರ್ ಹಾಕಿಸಿ. ಮೇಲಿನ ಟ್ಯಾಂಕ್ ಇಳಿದಾಗ ಮೋಟಾರು ಹತ್ತಿಕೊಳ್ಳುತ್ತದೆ, ತುಂಬಿದಾಗ ನಿಲ್ಲುತ್ತದೆ. ಸಂಪಿನ ಸೆನ್ಸರ್ ಬೇಡವೆಂದು ದುಡ್ಡು ಉಳಿಸಲು ಹೋಗಬೇಡಿ. ಸಂಪು ಬರಿದಾದ ಮೇಲೂ ಮೋಟಾರು ಓಡಿದರೆ ಸೀಲ್ ಸುಟ್ಟುಹೋಗುತ್ತದೆ. ಬೋರ್‌ವೆಲ್ ನೀರಾದರೆ ಸೆನ್ಸರ್‌ನ ಲೋಹದ ಕಡ್ಡಿಗಳ ಮೇಲೆ ಬಿಳಿ ಪೊರೆ ಕಟ್ಟಿ ಅವು ಮೊದ್ದಾಗುತ್ತವೆ; ಅಂಥಲ್ಲಿ ನೀರಿನ ಮೇಲೆ ತೇಲುವ ಫ್ಲೋಟ್ ಸ್ವಿಚ್ ವಾಸಿ. ಇದಕ್ಕೆ ವೈ-ಫೈ ಬೇಡ, ಆ್ಯಪ್ ಬೇಡ.

ರಾತ್ರಿ ಮಂಚದಿಂದ ಬಚ್ಚಲಿನವರೆಗಿನ ದಾರಿಗೆ ಚಲನೆಯನ್ನು ಗುರುತಿಸಿ ಹತ್ತುವ ಸಣ್ಣ ದೀಪಗಳನ್ನು ಹಾಕಿಸಿ. ಅವು ಮೊಣಕಾಲಿಗಿಂತ ಕೆಳಗಿರಲಿ: ನೆಲ ಕಾಣುತ್ತದೆ, ಕಣ್ಣಿಗೆ ಚುಚ್ಚುವುದಿಲ್ಲ. ಬಚ್ಚಲೊಳಗೆ ಮಾತ್ರ ಸಾಮಾನ್ಯ ದೀಪವೇ ಇರಲಿ. ಅಲುಗಾಡದೆ ಕುಳಿತವರನ್ನು ಈ ಸೆನ್ಸರ್ ಕಾಣುವುದಿಲ್ಲ, ಅರ್ಧದಲ್ಲೇ ಕತ್ತಲು ಮಾಡಿಬಿಡುತ್ತದೆ.

ಗೀಸರ್‌ಗೆ ಟೈಮರ್ ಇರುವ ಸ್ಮಾರ್ಟ್ ಪ್ಲಗ್ ಉಪಯುಕ್ತ. 2 ಕಿಲೋವ್ಯಾಟ್‌ನ 15 ಲೀಟರ್ ಗೀಸರ್‌ಗೆ ಸುಮಾರು 20 ನಿಮಿಷ ಸಾಕು. ಅವರು ಏಳುವ ಹೊತ್ತಿಗೆ ನೀರು ಕಾದಿರುತ್ತದೆ, ಆರಿಸಲು ಮರೆಯುವ ಪ್ರಶ್ನೆಯೇ ಇಲ್ಲ. ಪ್ಲಗ್ 16 ಆಂಪಿಯರ್‌ನದ್ದೇ ಆಗಿರಲಿ. ಕರೆಂಟ್ ಹೋಗಿ ಬಂದಾಗ ಅದು ಆರಿಯೇ ಇರುವಂತೆ ಆ್ಯಪ್‌ನಲ್ಲಿ ಹೊಂದಿಸಿ. ಅದನ್ನು ನೀವು ಪುಣೆಯಿಂದಲೇ ಮಾಡಬಹುದು.

ಇವೆಲ್ಲಕ್ಕೂ ಮುಂಚೆ ಎಲೆಕ್ಟ್ರೀಷಿಯನ್ ಒಬ್ಬರನ್ನು ಕರೆಸಿ ಅರ್ಥಿಂಗ್ ನೋಡಿಸಿ, 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಎಂಬ ಸುರಕ್ಷತಾ ಸ್ವಿಚ್ ಹಾಕಿಸಿ. ಗೀಸರ್‌ನಿಂದ ಕರೆಂಟ್ ಸೋರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕಡಿಯುತ್ತದೆ. ಜೀವ ಉಳಿಸುವ ಆಟೊಮೇಷನ್ ಎಂದರೆ ಇದೇ, ಆದರೂ ಯಾವ ಸ್ಮಾರ್ಟ್ ಪ್ಯಾಕೇಜಿನವರೂ ಇದರ ಮಾತೆತ್ತುವುದಿಲ್ಲ.

ಗ್ಯಾಸ್ ಸೋರಿಕೆಯ ಅಲಾರಂ ಹಾಕಿಸುವುದಾದರೆ ಅಡುಗೆಮನೆಯ ನೆಲದ ಹತ್ತಿರ ಹಾಕಿಸಿ. ಎಲ್‌ಪಿಜಿ ಗಾಳಿಗಿಂತ ಭಾರ, ಕೆಳಗೇ ಹರಡುತ್ತದೆ. ಒಳಗಿನ ಕೋಣೆಗಳಿಗೆ ಕ್ಯಾಮೆರಾ ನನಗೆ ಇಷ್ಟವಿಲ್ಲ. ಬಾಗಿಲ ಬಳಿ ಸರಿ. ಒಳಗಾದರೆ ನಿಮ್ಮ ತಾಯಿಯವರು ಒಪ್ಪಬೇಕು, ಒಪ್ಪದಿದ್ದರೆ ಆ ಮಾತು ಅಲ್ಲಿಗೇ ಬಿಡಿ.

ಪ್ರಶ್ನೆ: ಮುಂಬಾಗಿಲಿಗೆ ಬೆರಳಚ್ಚಿನ ಡಿಜಿಟಲ್ ಬೀಗ ಹಾಕಿಸಿದ್ದೇವೆ. ಕರೆಂಟ್ ಇಲ್ಲದಾಗ ಹೊರಗೇ ಉಳಿಯಬೇಕಾಗುತ್ತದೆಯೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಇಲ್ಲ. ಇಂಥ ಬೀಗಗಳು ಸಾಮಾನ್ಯವಾಗಿ ಒಳಗಿನ ಸೆಲ್‌ಗಳಿಂದ ನಡೆಯುತ್ತವೆ. ಮನೆಯ ಕರೆಂಟಿಗೂ ಅವಕ್ಕೂ ಸಂಬಂಧವಿಲ್ಲ. ಸೆಲ್ ಇಳಿದಾಗ ಬೀಪ್ ಸದ್ದು ಬರುತ್ತದೆ, ಅದನ್ನು ನಾಳೆಗೆಂದು ತಳ್ಳಬೇಡಿ. ಪಾತ್ರೆ ತಿಕ್ಕಿ ಸವೆದ ಬೆರಳು, ಒದ್ದೆ ಬೆರಳು ಅದಕ್ಕೆ ಗುರುತು ಹತ್ತುವುದಿಲ್ಲ. ಮನೆಯವರೆಲ್ಲರೂ ಎರಡು ಬೆರಳು ದಾಖಲಿಸಿ, ಸಂಖ್ಯೆಯ ಗುಪ್ತಪದವನ್ನೂ ಇಟ್ಟುಕೊಳ್ಳಿ. ಬೀಗದ ಜೊತೆ ಬಂದ ಲೋಹದ ಕೀಲಿಯನ್ನು ಎಷ್ಟೋ ಮಂದಿ ಜೋಪಾನವಾಗಿ ಮನೆಯೊಳಗಿನ ಬೀರುವಿನಲ್ಲೇ ಇಟ್ಟಿರುತ್ತಾರೆ! ಅದನ್ನು ನಂಬಿಕೆಯ ನೆರೆಮನೆಯವರಿಗೆ ಕೊಟ್ಟಿಡಿ.